ಮುಂದಿನ ಸಾಲಿನ ಗಡಗಿ

ಮೊದಲು ಗೊತ್ತಾದದ್ದು ಮೊಸರಿಗೆ.

ಕೊಲ್ಹಾರದಿಂದ ವಿಜಯಪುರಕ್ಕ ದಿನಾ ನಲವತ್ತು ಗಡಗಿ,
ಓಮ್ನಿಯ ಹಿಂದಿನ ಸೀಟು ಕಿತ್ತು ಗೋಣಿತಾಟು ಹಾಸಿ
ಬಾಯಿಗೆ ಮುತ್ತಲದ ಎಲಿ ಕಟ್ಟಿ ಒಯ್ತೀನಿ.
ಖಾನಾವಳಿಯ ಶಿವಲೀಲಕ್ಕಂದು ಹತ್ತು ದಿನದಿಂದ ಒಂದೇ ಮಾತು:
"ಹಿಂದಿನ ಸಾಲು ಸಕ್ಕರಿ, ಮುಂದಿನ ಸಾಲು
ಹುಣಸಿಹಣ್ಣು ಆಗೇತಲ್ಲ ತಂಗೆವ್ವಾ."
ಹೆಪ್ಪಿಗೆ ಬೈದೆ. ಎಮ್ಮಿಗೆ ಬೈದೆ.
ಗಡಗಿ ತೊಳಿಯೂ ನೆಗೆಣ್ಣಿಗೂ ಬೈದೆ,
ಆಕಿ ಮಾತು ಬಿಟ್ಟು ಇವತ್ತಿಗೆ ಆರು ದಿನ.
ನಾ ಕುಂತ ಸೀಟಿನ ಬುಡಕ ಎಂಜಿನ್ ಐತಿ ಅನ್ನೂದು
ನೆನಪಾಗಲೇ ಇಲ್ಲ.

ಇವತ್ತು ಮುಳವಾಡ ದಾಟೂದ್ರಾಗ ಮುಳ್ಳು ಕೆಂಪಿಗೆ ಹತ್ತಿತು.
ಸೀಟು ರೊಟ್ಟಿ ಹಂಚಾತು.
ಬದಿಗೆ ಹಚ್ಚಿದೆ. ಬೇವಿನ ಗಿಡ, ಚಾದ ಅಂಗಡಿ,
ನೇತು ಹಾಕಿದ ಟಾಯರಿನ ಮ್ಯಾಲ ಸುಣ್ಣದಾಗ ಬರದಿತ್ತು:
ಲಾಳೇಸಾಬ, ಎಲ್ಲಾ ಗಾಡಿ.

ಗಿಡದ ಬುಡಕ ಕುಂತವರಿಗೆಲ್ಲಾ ಗೊತ್ತಿತ್ತು ಏನಾಗೇತಿ ಅಂತ.
ಒಬ್ಬಾಂವ ನೀರು ಅಂದ, ಒಬ್ಬಾಂವ ಆಯಿಲ್,
ಟೊಪ್ಪಿಗಿ ಮುದುಕ, "ಹೆಣ್ಮಕ್ಕಳು ಕ್ಲಚ್ ಒತ್ತೇ ಹೊಡೀತಾರ."
ನಾ ಸಿಟ್ಟಿಲೆ ಮುಚ್ಚಳಕ್ಕ ಕೈ ಹಾಕಿದೆ.
"ಮುಟ್ಟಬ್ಯಾಡ್ರಿ!"
ದನಿ ಮೊದಲು ಬಂತು, ಮನಶ್ಯಾ ಆಮ್ಯಾಲ.

ಬಂದಾಂವ ಅರ್ಧ ತಾಸು ಏನೂ ಮಾಡಲಿಲ್ಲ.
"ಆರೂತನಕ ಕುಂದ್ರೂದೂ ಕೆಲಸನ ಅಕ್ಕಾ."

ಆಮ್ಯಾಲ ಸೀಟು ಎತ್ತಿ ಆಯಿಲ್ ಕಡ್ಡಿಗೆ ಕೈ ಹಾಕಿದ.
"ಮಜ್ಜಿಗಿ ಬಣ್ಣ ಬಂದ್ರ ನೀರು ಕೂಡೇತಿ ಅಂತ, ಹೆಡ್ ಬಿಚ್ಚಬೇಕು.
ಹನ್ನೆರಡು ಸಾವಿರ."
ಇಪ್ಪತ್ತು ವರ್ಷ ಮಜ್ಜಿಗಿ ಕಡದ ಕೈ ನಂದು,
ಮೊದಲ ಸಲ ಮಜ್ಜಿಗಿಗೆ ಅಂಜಿದೆ.
ಕಡ್ಡಿ ಕರೇದು ಬಂತು,
ಕಾಡಿಗಿ ಹಂಗ, ಹಚ್ಚಕೋಬೇಕು ಅನಸೂವಷ್ಟು ಕರೇದು.

ಫ್ಯಾನಿಗೆ ನೇರ ವಾಯರ್ ಕೊಟ್ಟ, ಗಿರ್ರಂತ ತಿರುಗಿತು.
(ಅದು ಸತ್ತೇತಿ ಅಂತ ಊರಾಗ ಒಬ್ಬಾಂವ ಎರಡು ಸಾವಿರ ಕೇಳಿದ್ದ.
ಕೊಡಲಿಲ್ಲ ಅಂತ ಮನಿಯಾಂವ ನನಗ ಜಿಪುಣಿ ಅಂದಿದ್ದ.)
ಎಂಜಿನ್ ಚಾಲೂ ಮಾಡಿ ಮುಳ್ಳು ಏರಾಕ ಬಿಟ್ಟು
ಮುಂದ ಬಂದು ರೇಡಿಯೇಟರಿಗೆ ಅಂಗೈ ಹಚ್ಚಿದ,
ಕೆಚ್ಚಲಕ್ಕ ಹಚ್ಚಿ ನೋಡ್ತೀವಲ್ಲ, ಹಂಗ.
"ನೀವೂ ಹಚ್ಚರಿ."
ಅಲ್ಲಿ ಒಳಗ ಕೊತಕೊತ. ಇಲ್ಲಿ ಬಾವಿ ಕಲ್ಲಿನ ತಂಪು.
"ನೀರು ಐತಿ, ಹಾಯಂಗಿಲ್ಲ.
ನಡುವ ಬಾಗಲಾ ಮುಚ್ಚೇತಿ."

ಬಾಗಲಾ ಅಂದರ ಲಿಂಬಿಕಾಯಿಯಷ್ಟು ಹಿತ್ತಾಳಿ, ಒಂದು ಸ್ಪ್ರಿಂಗು.
ಥರ್ಮೋಸ್ಟಾಟ್ ಅಂತ ಹೆಸರು. ಬಿಸಿ ತಾಕಿದ್ರ ತಾನ ತೆರೀಬೇಕು.
ಬಿಚ್ಚಿ, ಶಾವಂತ್ರೆವ್ವನ ಚಾದ ಒಲಿಗೆ ಒಯ್ದ.
"ನನ್ನ ಪಾತೇಲಿ ಮುಟ್ಟಿದಿ ಅಂದ್ರ ನೋಡು!"
ಬೈಕೋತನ ಆಕಿ ಒಂದು ನೆಗ್ಗಿದ ಡಬರಿ ಕೊಟ್ಟಳು.
ನೀರು ಕುದ್ದೇ ಕುದೀತು.
ಮುದುಕನ್ನ ಹಿಡದು ಆರು ಮಂದಿ ಡಬರಿಯೊಳಗ ಹಣಿಕಿ,
ಕೂಸು ಕಣ್ಣು ತೆರಿತೈತೇನು ಅಂತ ಕಾದವರಂಗ.
ತೆರೀಲಿಲ್ಲ.
ಇನ್ನೊಂದು ಕಟಗಿ ಸರಿಸಿದ.
ತೆರೀಲಿಲ್ಲ.

"ಇವತ್ತು ಇದಿಲ್ಲದ ಹೋಗ್ರಿ, ನಾಳೆ ಹೊಸಾದು ಹಾಕ್ತೀನಿ.
ಈ ಸೀಮ್ಯಾಗ ಇದನ್ನ ಕಿತ್ತು ಒಗದ ಗಾಡಿ ಭಾಳ ಅದಾವ,
ಅದು ಸರಿ ಅಲ್ಲ. ಮುಂಜಾನೆ ಎಂಜಿನ್ನಿಗೂ ತುಸು ಬಿಸಿ ಬೇಕು.
ಕಾವಿಲ್ಲದ ಹಾಲು ಹೆಪ್ಪಾಗತೈತೇನು?"
ಇದನ್ನ ನನಗ ಹೇಳಿದ. ನನಗ!

ನೂರಾ ಐವತ್ತು ಕೊಟ್ಟೆ, ಮುಂದಿನ ಸಾಲಿಂದ ಎರಡು ಗಡಗಿ ಇಳಿಸಿದೆ.
ಶಾವಂತ್ರೆವ್ವ ಉಪ್ಪು ಹಾಕಿ, ಹಸಿಮೆಣಸಿನಕಾಯಿ ಜಜ್ಜಿ, ಕಡದಳು.
ಮುದುಕ ಮೂರು ಗ್ಲಾಸು ಕುಡದು
"ಹುಳಿ ಆಗೇತಿ" ಅಂದ.

ಸಂಜಿಕ ನೆಗೆಣ್ಣಿ ಹಿತ್ತಲದಾಗ ಬೂದಿ ಹಚ್ಚಿ ಗಡಗಿ ತಿಕ್ಕತಿದ್ದಳು.
ಹಿತ್ತಾಳಿ ಬಾಗಲಾ ಆಕಿ ಒದ್ದಿ ಅಂಗೈಯಾಗ ಇಟ್ಟೆ.
"ಏನಿದು?"
ಆರು ದಿನದಾಗ ಮೊದಲ ಮಾತು.
"ಹುಳಿ ಮಾಡಿದ್ದು," ಅಂದೆ, "ಇದು."
ತಿರುವಿ ತಿರುವಿ ನೋಡಿದಳು, ಉಗುರಿಲೆ ಕೆದರಿ ನೋಡಿದಳು.
ಆಮ್ಯಾಲ, ಮುಖ ಎತ್ತದ,
ಒಂದು ಗಡಗಿ ನನ್ನ ಕಡೆ ಉರುಳಿಸಿದಳು.